ಕಡಲಿನ ಪರೋಪಜೀವಿಗಳು

'ಪರೋಪಜೀವಿ' ಎಂಬ ಪದವು ಕನ್ನಡದಲ್ಲಿ ಬಹುಮಟ್ಟಿಗೆ ನಿಂದಾರ್ಥದಲ್ಲಿಯೇ ರೂಢಿಗೊಂಡಿದೆ. ಪರರನ್ನು ಆಶ್ರಯಿಸಿ ಜೀವಿಸುವುದು ಎಂಬಷ್ಟೇ ಅದರ ಶಬ್ದಾರ್ಥ. ಕಾಯಕವನ್ನು ಬಾಳಿನ ತಳಹದಿಯಾಗಿಸಿದ ಶರಣರ ನಾಡಿನಲ್ಲಿ ಅನ್ಯರ ದುಡಿಮೆಯನ್ನುಂಡು ಬದುಕುವವನಿಗೆ ಗೌರವ ದೊರೆಯದಿರುವುದು ಸಹಜವೇ. ಹೊಲದ ಬದುವಿನ ಮಾವಿನ ಮರಕ್ಕೆ ಹತ್ತಿದ ಬದನಿಕೆಯನ್ನು ಕಂಡ ಒಕ್ಕಲಿಗನು ಕುಡುಗೋಲು ಹಿಡಿಯುವನೇ ಹೊರತು ಅದರ ಗುಣವನ್ನು ವಿಚಾರಿಸುತ್ತ ನಿಲ್ಲನು. ಆದರೆ ಮನುಷ್ಯರ ನೀತಿಯ ಮಾತನ್ನು ನಿಸರ್ಗಕ್ಕೆ ಹಚ್ಚುವಾಗ ಎಚ್ಚರ ಬೇಕೆಂಬುದಕ್ಕೆ ಕಡಲೇ ಸಾಕ್ಷಿ.

ಕೆರೂರು, ಬಾದಾಮಿಗಳ ಕೆಂಗಲ್ಲಿನ ಸೀಮೆಗೆ ಕಡಲು ದೂರ. ಆದರೂ ಇಲ್ಲಿಗೆ ಬರುವ ಮುಂಗಾರು ಅರಬ್ಬಿ ಸಮುದ್ರದಿಂದಲೇ ಬರಬೇಕು. ಭೂಮಂಡಲದಲ್ಲಿ ಉತ್ಪತ್ತಿಯಾಗುವ ಆಮ್ಲಜನಕದ ಸುಮಾರು ಅರ್ಧಪಾಲು ಕಡಲಿನ ಸೂಕ್ಷ್ಮಸಸ್ಯಗಳ ದುಡಿಮೆಯ ಫಲ. ಆ ಸೂಕ್ಷ್ಮಸಸ್ಯಗಳ ಹುಟ್ಟುಸಾವುಗಳಲ್ಲಿ ಪರೋಪಜೀವಿಗಳ ಕೈವಾಡ ಎಷ್ಟೆಂಬುದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1989ರಲ್ಲಿ ನಾರ್ವೆ ದೇಶದ ವಿಜ್ಞಾನಿಗಳು ನೀರಿನಲ್ಲಿರುವ ವೈರಾಣುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎಣಿಸಿದಾಗ ಜಗತ್ತು ಬೆರಗಾಯಿತು. ಕಡಲಿನ ಮೇಲ್ಪದರದ ಒಂದು ಮಿಲಿಲೀಟರು ನೀರಿನಲ್ಲಿ ಸಾಮಾನ್ಯವಾಗಿ 1 ಕೋಟಿಯಷ್ಟು ವೈರಾಣುಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಮನುಷ್ಯನ ಗೊಡವೆಗೆ ಬಾರದೆ ಬ್ಯಾಕ್ಟೀರಿಯಾಗಳನ್ನೇ ಹಿಡಿಯುವಂಥವು.

ಕಡಲಿನ ಸೂಕ್ಷ್ಮಜೀವಿರಾಶಿಯಲ್ಲಿ ದಿನವೊಂದಕ್ಕೆ ಸುಮಾರು ಶೇಕಡಾ 20ರಷ್ಟನ್ನು ವೈರಾಣುಗಳು ಕೊಲ್ಲುತ್ತವೆಂದು ವಿದ್ವಾಂಸರ ಅಂದಾಜು. ಕೇಳಿದೊಡನೆ ಇದು ಸಂಹಾರವೆಂದೇ ತೋರುತ್ತದೆ. ಆದರೆ ಒಡೆದ ಜೀವಕೋಶದೊಳಗಿನ ಸಾರಜನಕ, ರಂಜಕ, ಕಬ್ಬಿಣಗಳು ಮರಳಿ ನೀರಿಗೆ ಸೇರಿ ಉಳಿದ ಜೀವಿಗಳಿಗೆ ಗೊಬ್ಬರವಾಗುತ್ತವೆ. ಇನ್ನೊಂದು ವಿಶೇಷವೆಂದರೆ, ಯಾವ ಜಾತಿ ಮಿತಿಮೀರಿ ಹೆಚ್ಚುವುದೋ ಅದರ ವೈರಾಣುವಿಗೆ ಆಶ್ರಯ ಸುಲಭವಾಗಿ ದೊರೆತು ಆ ಜಾತಿಯೇ ಮೊದಲು ಇಳಿಮುಖವಾಗುತ್ತದೆ. ಒಬ್ಬನೇ ಊರನ್ನೆಲ್ಲ ಆಳಲು ಆಸ್ಪದವಿಲ್ಲ. ಆದುದರಿಂದಲೇ ಅಲ್ಪಸಂಖ್ಯೆಯ ಜಾತಿಗಳಿಗೂ ಎಡೆ ಉಳಿದಿದೆ.

ವೈರಾಣುಗಳಷ್ಟೇ ಅಲ್ಲ. ಕಡಲನ್ನು ಕೆಂಪಾಗಿಸುವ, ಕೆಲವೊಮ್ಮೆ ವಿಷವನ್ನೂ ಸೂಸುವ ಡೈನೋಫ್ಲಜೆಲೇಟುಗಳೊಳಕ್ಕೆ ಅಮೀಬೋಫ್ರಿಯ ಎಂಬ ಏಕಕೋಶಜೀವಿಯು ನುಗ್ಗಿ, ಎರಡು-ಮೂರು ದಿನಗಳಲ್ಲಿ ಬೆಳೆದು, ಹುಳುವಿನಾಕಾರದಲ್ಲಿ ಹೊರಬಿದ್ದು, ನೂರಾರು ಮರಿಗಳಾಗಿ ಚೆದುರುತ್ತದೆ. ಫ್ರಾನ್ಸಿನ ಕರಾವಳಿಯ ಅಳಿವೆಯೊಂದರಲ್ಲಿ ವಿಷಕಾರಿ ಜಾತಿಯ ಹಾವಳಿಯನ್ನು ಇಂಥ ಪರೋಪಜೀವಿಗಳೇ ಅಡಗಿಸುವುದನ್ನು 2008ರಲ್ಲಿ ಪ್ರಕಟಿಸಲಾಯಿತು.

ಇಷ್ಟರಿಂದ ಪರೋಪಜೀವಿಗಳೆಲ್ಲ ಉಪಕಾರಿಗಳೆಂದು ಹೊಗಳತೊಡಗಿದರೆ ಕರಾವಳಿಯ ಸಿಗಡಿ ಕೃಷಿಕನು ಒಪ್ಪಲಾರನು, ಒಪ್ಪಬೇಕಾಗಿಯೂ ಇಲ್ಲ. ಕುಮಟಾ ಬಳಿಯ ಅಘನಾಶಿನಿಯ ಗಜನಿ ಭೂಮಿಯಲ್ಲಿ ಮೊದಲು ಮಳೆಗಾಲಕ್ಕೆ ಕಗ್ಗ ಭತ್ತ, ಅನಂತರ ಉಬ್ಬರದೊಡನೆ ಬಂದ ಮೀನು-ಸಿಗಡಿ. ಮುಂದೆ ಲಾಭದಾಸೆಯಿಂದ ಹಲವೆಡೆ ಸಿಗಡಿಯೊಂದನ್ನೇ ಒತ್ತೊತ್ತಾಗಿ ಸಾಕತೊಡಗಿದರು. 1994ರ ಸುಮಾರಿಗೆ ಭಾರತವನ್ನು ಹೊಕ್ಕ ಬಿಳಿಚುಕ್ಕೆ ರೋಗದ ವೈರಾಣು ಪಶ್ಚಿಮ ಕರಾವಳಿಗೂ ಹಬ್ಬಿತು. ಅದು ತಗುಲಿದ ಹೊಂಡದ ಸಿಗಡಿಗಳೆಲ್ಲವೂ 3ರಿಂದ 10 ದಿನಗಳೊಳಗೆ ಸಾಯಬಹುದು. ಸಾಲ ಮಾಡಿ ಹೊಂಡ ತೋಡಿದವನ ಮನೆಯಲ್ಲಿ ಆ ಹತ್ತು ದಿನಗಳು ಹೇಗೆ ಕಳೆದಾವು! ಒಂದೇ ಜಾತಿಯನ್ನು ಒಂದೆಡೆ ಕಿಕ್ಕಿರಿಸಿದಲ್ಲಿ ಕಡಲಿನ ನಿಯಮವೇ ಹೊಂಡದಲ್ಲಿಯೂ ನಡೆಯಿತೆನ್ನಬೇಕು.

ಇದೇ ಕಾಲಕ್ಕೆ ಸಿಗಡಿಮರಿಗಳ ಉತ್ಪಾದನಾ ಕೇಂದ್ರಗಳಲ್ಲಿ ಮತ್ತೊಂದು ಪಿಡುಗು. ವಿಬ್ರಿಯೊ ಹಾರ್ವೆಯಿ ಎಂಬ ಬ್ಯಾಕ್ಟೀರಿಯ ಸೋಂಕಿದ ಮರಿಗಳು ರಾತ್ರಿ ತೊಟ್ಟಿಯಲ್ಲಿ ಮಿಣುಮಿಣುಕುತ್ತ ಸಾಯುತ್ತವೆ. ಈ ಬ್ಯಾಕ್ಟೀರಿಯವು ಪ್ರತಿಜೀವಕ ಔಷಧಗಳಿಗೆ ಬಗ್ಗದಾಯಿತೆಂಬುದನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ, ಇಂದ್ರಾಣಿ ಕರುಣಾಸಾಗರ ಅವರೂ ಸಂಗಡಿಗರೂ 1994ರಲ್ಲಿ ತೋರಿಸಿದರು. ಅದಕ್ಕೆ ಅವರು ಹುಡುಕಿದ ಮದ್ದು ಸ್ವಾರಸ್ಯದ್ದು: ಆ ಬ್ಯಾಕ್ಟೀರಿಯವನ್ನೇ ತಿನ್ನುವ ವೈರಾಣು! ಅದನ್ನು ಬೇರ್ಪಡಿಸಿ ಮರಿಗಳ ತೊಟ್ಟಿಗೆ ಬಿಟ್ಟಾಗ ಔಷಧ ಹಾಕಿದ್ದಕ್ಕಿಂತ ಹೆಚ್ಚು ಮರಿಗಳು ಬದುಕಿದವೆಂಬ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಮುಳ್ಳಿನಿಂದಲೇ ಮುಳ್ಳನ್ನು ತೆಗೆದಂತೆ.

ಆದರೆ ಈ ಮದ್ದಿಗೂ ಮಿತಿಯುಂಟು. ಇಂಥ ವೈರಾಣು ತನಗೊಪ್ಪಿದ ತಳಿಯನ್ನಲ್ಲದೆ ಬೇರೊಂದನ್ನು ಮುಟ್ಟದಾದುದರಿಂದ ಹಲವನ್ನು ಬೆರೆಸಿ ಬಳಸಬೇಕಾಗುತ್ತದೆ. ಬಿಳಿಚುಕ್ಕೆ ರೋಗಕ್ಕಂತೂ ಈ ಉಪಾಯ ನಡೆಯದು, ಅಲ್ಲಿ ಶತ್ರುವೇ ವೈರಾಣು. ತಾಯಿಸಿಗಡಿಗಳನ್ನು ಮೊದಲೇ ಪರೀಕ್ಷಿಸುವುದು, ಹೊಂಡಕ್ಕೆ ಬಿಡುವ ನೀರನ್ನು ಸೋಸುವುದು, ರೋಗವನ್ನು ಹೊತ್ತು ತರುವ ಏಡಿಗಳು ಒಳನುಸುಳದಂತೆ ಬಲೆ ಕಟ್ಟುವುದು, ಇವೇ ಇಂದಿಗೂ ಕೃಷಿಕನ ಕೈಯಲ್ಲಿರುವ ಉಪಾಯಗಳು.