ವಯಲ್ ಎಂದರೇನು?

ಚುಚ್ಚುಮದ್ದು ಕೊಡುವ ಮೊದಲು ವೈದ್ಯರು ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಕುಪ್ಪಿಯೊಂದರಿಂದ ಔಷಧವನ್ನು ಸಿರಿಂಜಿಗೆ ಎಳೆದುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದರ ಹೆಸರು 'ವಯಲ್'. ಸೀಸೆ, ಕುಪ್ಪಿ ಎಂಬ ಮಾತುಗಳು ನಮ್ಮಲ್ಲಿರುವಾಗ ಈ ಪದವೇಕೆ ಬೇಕಾಯಿತು?

ಇದರ ಮೂಲ ಗ್ರೀಕ್ ಭಾಷೆಯ 'ಫಿಯಾಲೆ'. ವಿಚಿತ್ರವೆಂದರೆ, ಫಿಯಾಲೆ ಸೀಸೆಯೇ ಅಲ್ಲ. ದೇವತೆಗಳಿಗೆ ದ್ರಾಕ್ಷಾರಸದ ತರ್ಪಣ ಬಿಡುತ್ತಿದ್ದ ಅಗಲವಾದ, ಆಳವಿಲ್ಲದ ಬಟ್ಟಲು. ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ಹಾದು ಇಂಗ್ಲಿಷಿಗೆ ಬರುವಷ್ಟರಲ್ಲಿ ಬಟ್ಟಲು ಮರೆಯಾಗಿ, ಕಿರುಸೀಸೆಯೆಂಬ ಅರ್ಥ ನೆಲೆಗೊಂಡಿತು. ನಮ್ಮ 'ಸೀಸೆ'ಯೂ ಹೊರಗಿನಿಂದ ಬಂದುದೇ. ಪಾರಸಿಯಲ್ಲಿ 'ಶೀಶಾ' ಎಂದರೆ ಗಾಜು.

ಇಂದು ಚುಚ್ಚುಮದ್ದಿನ ವಿಷಯದಲ್ಲಿ ವಯಲ್ ಎಂಬುದು ಕೇವಲ ಗಾತ್ರವನ್ನು ಸೂಚಿಸುವುದಿಲ್ಲ. ಅದರ ಬಾಯಿಗೆ ರಬ್ಬರಿನ ಬಿರಡೆ, ಬಿರಡೆಯ ಸುತ್ತ ಅಲ್ಯೂಮಿನಿಯಮ್ಮಿನ ಬಿಗಿಪಟ್ಟಿ. ಸೂಜಿಯನ್ನು ಹೊರಗೆಳೆದೊಡನೆ ರಬ್ಬರು ತಾನೇ ಕೂಡಿಕೊಳ್ಳುತ್ತದೆ. ಇದರ ಸಮೀಪಬಂಧು 'ಆಂಪೂಲ್'. 1886ರಲ್ಲಿ ಫ್ರಾನ್ಸಿನ ಔಷಧಶಾಸ್ತ್ರಜ್ಞ ಲಿಮೂಸೆನ್ ಇದನ್ನು ರೂಪಿಸಿದನು. ಅದರ ಕೊರಳನ್ನು ಕರಗಿಸಿ ಮುಚ್ಚಿರುತ್ತಾರೆ; ಒಮ್ಮೆ ಮುರಿದರೆ ಮತ್ತೆ ಮುಚ್ಚುವಂತಿಲ್ಲ. ಆದುದರಿಂದ ಅದು ಒಂದೇ ಸಲದ ಬಳಕೆಗೆ.

ವಯಲನ್ನಾದರೋ ಮತ್ತೆ ಮತ್ತೆ ಚುಚ್ಚಬಹುದು. ಅಪಾಯವಿರುವುದು ಇಲ್ಲಿಯೇ. ಬಿರಡೆ ಕೂಡಿಕೊಂಡಿತೆಂದ ಮಾತ್ರಕ್ಕೆ ರೋಗಾಣುಗಳು ಒಳಹೊಕ್ಕಿಲ್ಲವೆಂದು ಹೇಳುವಂತಿಲ್ಲ. ಹಲವು ಸಲದ ಬಳಕೆಗೆಂದು ತಯಾರಾದ ವಯಲುಗಳಿಗೆ ಸಾಮಾನ್ಯವಾಗಿ ಸಂರಕ್ಷಕ ದ್ರವ್ಯವನ್ನು ಸೇರಿಸಿರುತ್ತಾರೆ. ಒಂದೇ ಸಲದವುಗಳಲ್ಲಿ ಬಹುಮಟ್ಟಿಗೆ ಅದಿರುವುದಿಲ್ಲ. ಅವುಗಳಲ್ಲಿ ಉಳಿದ ಔಷಧ ಎಷ್ಟು ತಿಳಿಯಾಗಿ ಕಂಡರೂ ಎಸೆಯತಕ್ಕದ್ದು. ಸಂರಕ್ಷಕವಿದ್ದರೂ, ತಯಾರಕರು ಬೇರೆ ಅವಧಿಯನ್ನು ಸೂಚಿಸದಿದ್ದಲ್ಲಿ, ತೆರೆದ 28 ದಿನಗಳ ಮೇಲೆ ಬಳಸಬಾರದು. ಸಂರಕ್ಷಕವಿಲ್ಲದ ದಡಾರದ ಲಸಿಕೆಗಂತೂ, ದ್ರಾವಕ ಬೆರೆಸಿದ ಮೇಲೆ, ನಮ್ಮ ದೇಶದಲ್ಲಿ 4 ಗಂಟೆಗಳ ಮಿತಿಯುಂಟು.

ಮನೆಯಲ್ಲಿಯೇ ಇನ್ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂಬ ಎರಡು ಬಲದ ವಯಲುಗಳು ನಮ್ಮಲ್ಲಿ ದೊರೆಯುತ್ತವೆ. ಒಂದೊಂದಕ್ಕೂ ಸಿರಿಂಜು ಬೇರೆ. 100ರ ಔಷಧವನ್ನು 40ರ ಸಿರಿಂಜಿನಿಂದ ಅಳೆದರೆ ದೇಹಕ್ಕೆ ಸೇರುವುದು ಎರಡೂವರೆ ಪಟ್ಟು! ರಕ್ತದ ಸಕ್ಕರೆ ಒಮ್ಮೆಲೇ ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು.

ಕುಪ್ಪಿ ಕಿರಿದು, ಅದರ ಮೇಲಿನ ಬರಹ ಇನ್ನೂ ಕಿರಿದು. ಆದರೂ ಬಲವೆಷ್ಟು, ಒಂದು ಸಲಕ್ಕೋ ಹಲವು ಸಲಕ್ಕೋ, ತೆರೆದುದು ಎಂದು ಎಂಬ ಮೂರನ್ನು ನೋಡಿಯೇ ಸೂಜಿಯನ್ನು ಚುಚ್ಚುವುದು ವಿವೇಕ.