ನಿವೇಶನ ಕೊಳ್ಳುವ ಮುನ್ನ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಬೆಂಗಳೂರಿನಲ್ಲೊಂದು ನಿವೇಶನ ಕೊಳ್ಳುವ ಆಸೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಹುಟ್ಟುವುದುಂಟು. ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಮನೆಗಳ ನಡುವೆಯೇ ಸಣ್ಣ ಕಾರ್ಖಾನೆಗಳಿವೆ, ಬಾಡಿಗೆಗೆ ಬರವಿಲ್ಲ ಎನ್ನುತ್ತಾನೆ ದಲ್ಲಾಳಿ. ಬಾಡಿಗೆಯ ಮಾತು ಆಮೇಲಿರಲಿ, ಮೊದಲು ಕಾಗದ ನೋಡೋಣ.

ಖಾತೆಯು ತೆರಿಗೆ ವಸೂಲಿಯ ದಾಖಲೆ. ಅದೊಂದರಿಂದಲೇ ಒಡೆತನ ಸಿದ್ಧವಾಗದು. ‘ಜಿ.ಪಿ.ಎ. ಮೇಲೆ ಕೊಡುತ್ತೇವೆ, ನೋಂದಣಿ ಖರ್ಚು ಉಳಿಯುತ್ತದೆ’ ಎಂದರೆ ಎದ್ದು ಬರುವುದು ಲೇಸು. ಅಂಥ ಪತ್ರದಿಂದ ಹಕ್ಕು ವರ್ಗವಾಗದೆಂದು 2011ರಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರವೇ ಬೇಕು.

ಮುಂಗಡ ಕೊಡುವ ಮೊದಲೇ ಮೂಲಪತ್ರಗಳನ್ನೂ 30 ವರ್ಷದ ಋಣಭಾರ ಪತ್ರವನ್ನೂ ವಕೀಲರಿಗೆ ತೋರಿಸಿರಿ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು ಅಲ್ಲಿ ಕಾಣದು. ಅದನ್ನು ಅಕ್ಕಪಕ್ಕದವರಲ್ಲೇ ವಿಚಾರಿಸಬೇಕು.