ಹಾಕಿದ ಯೂರಿಯಾ ಗಾಳಿಗೆ ಹೋಗುವುದು ಯಾವಾಗ?

ನಮ್ಮ ಭಾನುವಳ್ಳಿ ಕಡೆ ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುವವರೇ ಹೆಚ್ಚು. ಮೇಲುಗೊಬ್ಬರದ ಮಾತು ಬಂದರೆ ಎಕರೆಗೆ ಎಷ್ಟು ಚೀಲ ಎಂಬುದೇ ಚರ್ಚೆ. ಎರಚುವಾಗ ಗದ್ದೆ ಯಾವ ಹದದಲ್ಲಿತ್ತು ಅಂತ ಕೇಳುವವರು ಕಡಿಮೆ. ಗೊಬ್ಬರದ ಎಷ್ಟು ಪಾಲು ಗಾಳಿಗೆ ಹೋಗುತ್ತದೆ ಎಂಬುದು ಈ ಹದವನ್ನೂ ಅವಲಂಬಿಸಿದೆ. ಹಾಗೆ ಹೋಗುವ ಅನಿಲಗಳಲ್ಲಿ ನೈಟ್ರಸ್ ಆಕ್ಸೈಡ್ ಒಂದು. ಆಸ್ಪತ್ರೆಯಲ್ಲಿ ಅರಿವಳಿಕೆಗೆ ಬಳಸುವ 'ನಗಿಸುವ ಅನಿಲ'ವೂ ಇದೇ.

ಮಣ್ಣೊಳಗೆ ಆಗುವುದೇನು?

ಯೂರಿಯಾ ಮಣ್ಣಿಗೆ ಬಿದ್ದು ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಜೇಡಿಮಣ್ಣು ಇದನ್ನು ಹಿಡಿದಿಟ್ಟುಕೊಳ್ಳುತ್ತದೆ, ಭತ್ತದ ಬೇರು ಹೀರಿಕೊಳ್ಳುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ಆಗ ಸ್ವಲ್ಪ ನೈಟ್ರಸ್ ಆಕ್ಸೈಡ್ ಸೋರುತ್ತದೆ. ಆಮೇಲೆ ನೀರು ತುಂಬಿ ಉಸಿರು ಕಟ್ಟಿತು ಅನ್ನಿ. ಬೇರೆ ಸೂಕ್ಷ್ಮಜೀವಿಗಳು ಆಮ್ಲಜನಕಕ್ಕಾಗಿ ಆ ನೈಟ್ರೇಟನ್ನೇ ಒಡೆಯುತ್ತವೆ. ಈ ಕೆಲಸ ಪೂರ್ತಿಯಾದರೆ ಬರುವುದು ಬರೀ ಸಾರಜನಕ. ಅದರಿಂದ ವಾತಾವರಣಕ್ಕೆ ಹಾನಿಯಿಲ್ಲ, ನಮ್ಮ ಗೊಬ್ಬರ ಮಾತ್ರ ಹೋಯಿತು. ಅರ್ಧಕ್ಕೆ ನಿಂತರೆ ಬರುವುದು ನೈಟ್ರಸ್ ಆಕ್ಸೈಡ್.

ಅರ್ಧಕ್ಕೆ ನಿಲ್ಲುವುದು ಯಾವಾಗ? ಮಣ್ಣು ಪೂರಾ ಒಣಗಿದ್ದಾಗಲೂ ಅಲ್ಲ, ನೀರು ಕಟ್ಟಿ ನಿಂತಾಗಲೂ ಅಲ್ಲ. ಮಣ್ಣಿನ ಸಂದುಗಳಲ್ಲಿ ಸುಮಾರು ಮುಕ್ಕಾಲು ಪಾಲು ನೀರಿರುವ ಅರೆಹಸಿ ಹದದಲ್ಲಿ ಇದು ಹೆಚ್ಚು. ಒಣಗಿದ ಗದ್ದೆಗೆ ಮತ್ತೆ ನೀರು ಹಾಯಿಸಿದಾಗಲೂ ಅಷ್ಟೆ, ಒಣಗಿದ್ದಾಗ ಕೂಡಿದ ನೈಟ್ರೇಟ್ ಒಮ್ಮೆಗೇ ಒಡೆಯತೊಡಗುತ್ತದೆ. ಬಿಸಿಲು ಹೆಚ್ಚಿದಂತೆ ಕೆಲಸದ ವೇಗವೂ ಹೆಚ್ಚು. ಹುಳಿ ಮಣ್ಣಿನಲ್ಲಿ ಕೊನೆಯ ಹಂತ ಸರಿಯಾಗಿ ಆಗದೆ ಈ ಅನಿಲದ ಪಾಲು ಏರುತ್ತದೆ.

ಒಂದು ಲೆಕ್ಕ

45 ಕಿಲೋ ಚೀಲದಲ್ಲಿ ಸಾರಜನಕ 20.7 ಕಿಲೋ. ಹೊಲದ ಬೆಳೆಯಲ್ಲಿ ಇದರ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ ಎಂಬುದು ಜಗತ್ತಿನಾದ್ಯಂತ ಬಳಸುವ ಸಾಮಾನ್ಯ ಅಂದಾಜು. ನೀರು ನಿಂತ ಭತ್ತಕ್ಕೆ ಇನ್ನೂ ಕಡಿಮೆ. ಅಂದರೆ ಚೀಲಕ್ಕೆ ಸುಮಾರು 200 ಗ್ರಾಂ ಸಾರಜನಕ. ಜೇಬಿಗೆ ಇದು ದೊಡ್ಡದಲ್ಲ. ಆದರೆ ಇದರ ಜೊತೆಯಲ್ಲೇ ಬರೀ ಸಾರಜನಕವಾಗಿ, ಅಮೋನಿಯಾ ಆಗಿ, ಬಸಿದು ಹೋಗುವ ಪಾಲು ಬಹಳ ದೊಡ್ಡದು. ಭತ್ತಕ್ಕೆ ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪೈರಿಗೆ ಸಿಗದೇ ಹೋಗುವುದು ಸಾಮಾನ್ಯ.

ವಾತಾವರಣಕ್ಕೆ ಮಾತ್ರ ಆ ಚಿಕ್ಕ ಪಾಲೂ ಭಾರವೇ. ಒಂದು ಕಿಲೋ ನೈಟ್ರಸ್ ಆಕ್ಸೈಡ್ ನೂರು ವರ್ಷದ ಲೆಕ್ಕದಲ್ಲಿ 273 ಕಿಲೋ ಇಂಗಾಲದ ಡೈ ಆಕ್ಸೈಡಿನಷ್ಟು ಬಿಸಿ ಏರಿಸುತ್ತದೆ. ಓಝೋನ್ ಪದರವನ್ನೂ ತಿನ್ನುತ್ತದೆ. ಈಗ ಮನುಷ್ಯ ಹೊರಬಿಡುತ್ತಿರುವ ಓಝೋನ್ ಹಾನಿಕಾರಕಗಳಲ್ಲಿ ಇದೇ ಮುಂದಿದೆ ಎಂದು 2009ರಲ್ಲಿ ತೋರಿಸಿದ ತಂಡದ ಮುಂದಾಳು ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಎ. ಆರ್. ರವಿಶಂಕರ.

ನಮ್ಮ ಕೈಯಲ್ಲಿರುವುದು

* ಮೇಲುಗೊಬ್ಬರಕ್ಕೆ ಮುಂಚೆ ನೀರು ಬಸಿದು, ತೆಳು ಕೆಸರಿನಲ್ಲಿ ಎರಚಿ, ಒಂದೆರಡು ದಿನದೊಳಗೆ ಮತ್ತೆ ನೀರು ಕಟ್ಟಿ ಕೆಲವು ದಿನ ನಿಲ್ಲಿಸಬೇಕು. ನಾಲೆ ನೀರು ಸರದಿ ಮೇಲೆ ಬರುವಾಗ ಗೊಬ್ಬರದ ದಿನವನ್ನು ನೀರಿನ ದಿನಕ್ಕೆ ಹೊಂದಿಸಿ. ನೀರು ನಿಲ್ಲುವ ಹೊತ್ತಿಗೆ ಎರಚಬೇಡಿ.
* ಒಮ್ಮೆಗೇ ಸುರಿಯದೆ ಕಂತು ಮಾಡಿ. ಎಲೆಬಣ್ಣದ ಪಟ್ಟಿ ಹಿಡಿದು ನೋಡಿ. ಹಸಿರು ಸಾಕಷ್ಟಿದ್ದರೆ ಆ ಕಂತು ಮುಂದಕ್ಕೆ ಹಾಕಿ.
* ಮೆಕ್ಕೆಜೋಳಕ್ಕೆ ಜಡಿಮಳೆಯ ಮೋಡ ಕಂಡಾಗ ಯೂರಿಯಾ ಬೇಡ. ಹಾಕಿದ್ದನ್ನು ಮಣ್ಣಿನಿಂದ ಮುಚ್ಚಿ.
* ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ 2015ರಿಂದ ಬೇವಿನೆಣ್ಣೆ ಲೇಪನವಿದೆ. ಅಮೋನಿಯಂ ನೈಟ್ರೇಟ್ ಆಗುವುದನ್ನು ಅದು ನಿಧಾನ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ. ಹೀಗಾಗಿ ಮೇಲಿನ ಎಚ್ಚರ ಬೇಕೇ ಬೇಕು.

ಹಾಗಂತ ಬೆಳೆಯುದ್ದಕ್ಕೂ ನೀರು ನಿಲ್ಲಿಸುವುದೂ ಸರಿಯಲ್ಲ, ಅದರಿಂದ ಮೀಥೇನ್ ಏಳುತ್ತದೆ. ನಡುನಡುವೆ ಗದ್ದೆ ಆರಿಸಿದರೆ ಮೀಥೇನ್ ಇಳಿಯುತ್ತದೆ, ನೀರೂ ಉಳಿಯುತ್ತದೆ, ನೈಟ್ರಸ್ ಆಕ್ಸೈಡ್ ತುಸು ಏರಬಹುದು. ಎರಡನ್ನೂ ಸೇರಿಸಿ ನೋಡಿದರೆ ಸಾಮಾನ್ಯವಾಗಿ ಲಾಭವೇ. ಆರಿಸುವ ದಿನ ಮತ್ತು ಯೂರಿಯಾ ದಿನ ಒಟ್ಟಿಗೆ ಬಾರದಂತೆ ನೋಡಿಕೊಂಡರಾಯಿತು.

ನಾಲೆಯ ಕೊನೆ ಭಾಗದವರಿಗೆ ಇದು ಹೇಳಿದಷ್ಟು ಸುಲಭವಲ್ಲ, ನೀರಿನ ದಿನ ನಮ್ಮ ಕೈಲಿಲ್ಲ. ಗೊಬ್ಬರದ ದಿನ ಮಾತ್ರ ನಮ್ಮ ಕೈಲಿದೆ. ಸರದಿ ನೀರಿಗೆ ಕಂತು ಹೊಂದಿಸಿದವರು ತಮ್ಮ ಅನುಭವ ಬರೆದರೆ ಎಲ್ಲರಿಗೂ ಉಪಯೋಗ.